ಮಲ್ಪೆಯ ಕಡಲತಡಿಯಲ್ಲಿ ನಾಲ್ಕು ದಿನ

ಬಯಲುಸೀಮೆಯ ನಮ್ಮಂಥವರಿಗೆ ಕಡಲು ಎಂದರೆ ಒಂದು ಸಂಜೆಯ ನೋಟ. ಉಡುಪಿಗೆ ಹೋದವರು ಕೃಷ್ಣಮಠವನ್ನು ಕಂಡು, ಹೊತ್ತಿಳಿಯುವ ವೇಳೆಗೆ ಮಲ್ಪೆಯ ಮರಳಿನ ಮೇಲೆ ನಿಂತು, ಪಾದ ತೋಯಿಸಿಕೊಂಡು, ಮಕ್ಕಳಿಗೆ ಚುರುಮುರಿ ಕೊಡಿಸಿ ಹಿಂದಿರುಗುತ್ತೇವೆ. ಬಂದರಿನ ಕಡೆಯಿಂದ ಗಾಳಿ ತಿರುಗಿತೆಂದರೆ ಸೆರಗು ಮೂಗಿಗೆ ಅಡ್ಡ ಬರುತ್ತದೆ. ನಾವೂ ಮೂರು ಸಲ ಹೀಗೆಯೇ ಹೋಗಿ ಬಂದವರು. ನಾಲ್ಕನೆಯ ಸಲ, ಕಳೆದ ದಸರೆಯ ರಜೆಯಲ್ಲಿ, ಆ ಗಾಳಿ ಬರುವ ದಿಕ್ಕಿಗೇ ಹೋಗಿ ನಾಲ್ಕು ದಿನ ತಂಗುವ ಪ್ರಸಂಗ ಒದಗಿತು.

ಕಾರಣ ಒಬ್ಬ ಹಳೆಯ ಮಿತ್ರರು. ಮೊಗವೀರ ಸಮಾಜಕ್ಕೆ ಸೇರಿದ ಅವರು ಬ್ಯಾಂಕಿನ ನೌಕರಿಯ ನಿಮಿತ್ತ ನಮ್ಮ ರಾಣೇಬೆನ್ನೂರಿನಲ್ಲಿ ಆರು ವರ್ಷ ಇದ್ದರು; ನಮ್ಮ ಪಕ್ಕದ ಮನೆಯೇ ಅವರ ಬಿಡಾರ. ರೊಟ್ಟಿ-ಪಲ್ಯ ಅತ್ತ ಹೋಗುವುದು, ನೀರುದೋಸೆ ಇತ್ತ ಬರುವುದು ನಿತ್ಯದ ವ್ಯವಹಾರವಾಗಿತ್ತು. ನಮ್ಮ ಓಣಿಯಲ್ಲಿದ್ದಷ್ಟು ಕಾಲ ಅವರು ಮನೆಯೊಳಗೆ ಮೀನು ಬೇಯಿಸಲೇ ಇಲ್ಲವೆಂಬುದು ಅವರು ವರ್ಗವಾಗಿ ಹೋದ ಮೇಲೆ ನಮಗೆ ತಿಳಿಯಿತು. ಯಾರೂ ಹಾಗೆಂದು ಕೇಳಿಕೊಂಡಿರಲಿಲ್ಲ. ಮೀನಿನ ಊರಿನಲ್ಲಿ ಹುಟ್ಟಿ ಬೆಳೆದವರು ಆರು ವರ್ಷ ನಾಲಿಗೆಯನ್ನು ಬಿಗಿಹಿಡಿದಿದ್ದರು! ಈಗ ನಿವೃತ್ತರಾಗಿ ಊರು ಸೇರಿರುವ ಅವರು, ‘ಬರುವುದಾದರೆ ಹೋಟೆಲಿಗೆ ಹೋಗಬಾರದು, ಮನೆಗೇ ಬರಬೇಕು’ ಎಂದು ಪ್ರತಿವರ್ಷ ಕರೆಯುತ್ತಿದ್ದರು. ಋಣವೊಂದು ಬಾಕಿ ಉಳಿದಂತೆ ನಮಗೂ ಅನಿಸುತ್ತಿತ್ತು. ಶಿವಮೊಗ್ಗ, ತೀರ್ಥಹಳ್ಳಿ ದಾಟಿ, ಆಗುಂಬೆಯ ತಿರುವುಗಳನ್ನು ಇಳಿದು, ನಾವು ದಂಪತಿಗಳು ಮತ್ತು ಪದವಿ ತರಗತಿಯ ಮಗಳು ಮಲ್ಪೆ ಸೇರಿದಾಗ ದೀಪ ಹಚ್ಚುವ ಹೊತ್ತು.

ಮನೆ ಇರುವುದು ಪಡುಕೆರೆಯಲ್ಲಿ. ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಕಡಲು. ನಡುವೆ ತೆಂಗಿನ ಮರಗಳನ್ನು ಹೊತ್ತ ಮರಳಿನ ಪಟ್ಟಿ. ಈಗ ಸೇತುವೆ ಆಗಿದೆ. ಅದಾಗುವ ಮುಂಚೆ ಮಲ್ಪೆಯಿಂದ ನೇರವಾಗಿ ಬರಬೇಕಾದರೆ ದೋಣಿಯೇ ಗತಿಯಾಗಿತ್ತಂತೆ. ಒಳಗೆ ಹೋದೊಡನೆ ಮಿತ್ರರ ಮಡದಿ ನಮ್ಮ ಶ್ರೀಮತಿಯವರನ್ನು ಅಡಿಗೆಮನೆಗೆ ಕರೆದೊಯ್ದು ಒಂದು ಮೂಲೆಯನ್ನು ತೋರಿಸಿದರು. ಹೊಸ ಪಾತ್ರೆಗಳು, ಬೇರೆಯೇ ಒಲೆ. ‘ನೀವು ಇರುವಷ್ಟು ದಿನ ಇದು ನಿಮ್ಮದು, ಅಕ್ಕ. ಇದಕ್ಕೆ ಮೀನಿನ ಕೈ ತಾಗಿಲ್ಲ’ ಎಂದರು. ನಮ್ಮಾಕೆಗೆ ಏನು ಹೇಳಬೇಕೋ ತೋಚಲಿಲ್ಲ. ಊರಿನಿಂದ ತಂದ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಬಿಚ್ಚಿ ಅವರ ಕೈಗಿತ್ತರು.

ಮೊಗವೀರರು ಕರ್ನಾಟಕದ ಕರಾವಳಿಯ ದೊಡ್ಡ ಮೀನುಗಾರ ಸಮುದಾಯ. ದಕ್ಷಿಣದ ಕಡೆಯವರ ಮನೆಮಾತು ತುಳು. ಉತ್ತರಕ್ಕೆ ಸರಿದು ಕುಂದಾಪುರದ ಸೀಮೆ ಹೊಕ್ಕರೆ ಕನ್ನಡ. ಇನ್ನೂ ಮೇಲಕ್ಕೆ ಖಾರ್ವಿ, ಹರಿಕಂತ್ರ, ಗಾಬಿತ ಮುಂತಾದವರ ಊರುಗಳು. ಗ್ರಾಮ ಗ್ರಾಮಕ್ಕೆ ಗುರಿಕಾರರೆಂಬ ಹಿರಿಯರು, ಬಾರ್ಕೂರಿನ ಬೆಣ್ಣೆಕುದ್ರುವಿನಲ್ಲಿ ಕುಲಮಹಾಸ್ತ್ರೀ ಅಮ್ಮನ ಗುಡಿ, ಕೇರಿ ಕೇರಿಗೊಂದು ಭಜನಾಮಂದಿರ, ಕಡಲನ್ನು ಕಾಯುವ ಬೊಬ್ಬರ್ಯನೆಂಬ ದೈವ. ಈ ಬೊಬ್ಬರ್ಯ ಮುಸಲ್ಮಾನ ವ್ಯಾಪಾರಿಯೊಬ್ಬನ ಮಗನೆಂದು ಐತಿಹ್ಯ ಹೇಳುತ್ತದೆ. ಕಡಲಿಗಿಳಿಯುವವರು ಕಾಯುವವನ ಕುಲವನ್ನು ಕೇಳಲಿಲ್ಲ.

ಮೊದಲ ದಿನ ಬೆಳಗಿನ ಜಾವಕ್ಕೇ ಮಿತ್ರರು ನಮ್ಮನ್ನು ಬಂದರಿಗೆ ಕರೆದೊಯ್ದರು. ಅಲ್ಲಿನವರು ‘ಧಕ್ಕೆ’ ಎನ್ನುವ ಕಟ್ಟೆಯ ಉದ್ದಕ್ಕೂ ದೋಣಿಗಳು ಒಂದಕ್ಕೊಂದು ಮೈ ತಾಗಿಸಿ ನಿಂತಿದ್ದವು. ಒಂದರಿಂದ ಇನ್ನೊಂದಕ್ಕೆ ಕಾಲಿಡುತ್ತ ಹೊಳೆಯ ನಡುವಿನವರೆಗೆ ನಡೆದುಬಿಡಬಹುದು. ಮೂತಿಯ ಮೇಲೆ ದೇವರ ಹೆಸರು, ನೆತ್ತಿಯ ಮೇಲೆ ನಿಸ್ತಂತು ಸಾಧನಗಳ ಕಡ್ಡಿಗಳು. ರಾಜ್ಯದಲ್ಲೇ ದೊಡ್ಡ ಮೀನುಗಾರಿಕೆ ಬಂದರು ಇದು. ಎಂಟು-ಹತ್ತು ದಿನ ಆಳಸಮುದ್ರದಲ್ಲಿದ್ದು ಮರಳಿದ ಬೋಟುಗಳಿಂದ ಬುಟ್ಟಿಗಳು ಇಳಿಯುತ್ತಿದ್ದವು. ಮಂಜುಗಡ್ಡೆ ಪುಡಿಯಾಗುವ ಗರಗರ ಸದ್ದು, ಹರಾಜಿನ ಕೂಗು, ತಲೆಯ ಮೇಲೆ ಗಿಡುಗಗಳ ಹಿಂಡು. ಗುಲಾಬಿ ಮೈಯ ಒಂದು ಜಾತಿಯ ಮೀನು ರಾಶಿ ಬಿದ್ದಿತ್ತು. ತುಳುವಿನಲ್ಲಿ ಅದಕ್ಕೆ ‘ಮದಿಮಾಲ್’ ಎಂದು ಹೆಸರು, ಹಾಗೆಂದರೆ ಮದುಮಗಳು. ಈ ಮದುಮಗಳು ಈಗ ಕಾರ್ಖಾನೆ ಹೊಕ್ಕು, ಅರೆದ ಮುದ್ದೆಯಾಗಿ ಹಡಗು ಹತ್ತಿ ಪರದೇಶಕ್ಕೆ ಹೋಗುತ್ತಾಳೆ ಎಂದು ಮಿತ್ರರು ನಕ್ಕರು. ವಾಸನೆಯ ವಿಷಯ ಮುಚ್ಚಿಡುವುದೇಕೆ, ಮೊದಲ ಹತ್ತು ನಿಮಿಷ ನಮಗೆ ಕಷ್ಟವೇ ಆಯಿತು. ಆಮೇಲೆ ಅದು ನಮ್ಮೂರಿನ ಮೆಣಸಿನಕಾಯಿ ಅಂಗಡಿಯ ಘಾಟಿನಂತೆ ಗಮನದಿಂದ ಜಾರಿತು.

ನಮ್ಮ ಗಮನ ಹೋದದ್ದು ಮಾತಿನ ಕಡೆಗೆ. ಧಕ್ಕೆಯ ತುಂಬ ತುಳು ಕೇಳಬಹುದೆಂದು ನಾವೆಣಿಸಿದ್ದೆವು. ಹರಾಜು ಕೂಗುವವರದು ತುಳು, ಹೌದು. ಬೋಟಿನ ಮೇಲೆ ಬಲೆ ಮಡಚುತ್ತಿದ್ದವರದು ಒಡಿಯಾ, ತೆಲುಗು, ಉತ್ತರ ಕನ್ನಡದ ಕನ್ನಡ. ‘ದೋಣಿ ನಮ್ಮದು, ಕೈ ಅವರದು’ ಎಂದರು ಮಿತ್ರರು. ಅವರ ಅಕ್ಕನ ಮಗನಿಗೂ ಒಂದು ಟ್ರಾಲ್ ಬೋಟು ಉಂಟು. ಅವನು ವರ್ಷಕ್ಕೆ ಒಂದೆರಡು ಸಲವೂ ಅದರಲ್ಲಿ ಕಡಲಿಗೆ ಹೋಗುವುದಿಲ್ಲ. ಡೀಸೆಲ್ಲು, ಮಂಜುಗಡ್ಡೆ, ಬ್ಯಾಂಕಿನ ಕಂತು ಇವುಗಳ ಲೆಕ್ಕದಲ್ಲೇ ಅವನ ಹೊತ್ತು ಕಳೆಯುತ್ತದೆ. ಇದನ್ನು ಕೇಳುತ್ತ ಬೋಟಿನ ಮೇಲಿನವರನ್ನೇ ನೋಡುತ್ತಿದ್ದೆವು. 2018ರ ಡಿಸೆಂಬರ್ 13ರಂದು ಇದೇ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟಿನ ಸಂಪರ್ಕ 15ರ ರಾತ್ರಿ ಕಡಿದುಹೋದದ್ದು ವಾಚಕರಿಗೆ ನೆನಪಿರಬಹುದು. ಅದರಲ್ಲಿದ್ದ ಏಳು ಜನರಲ್ಲಿ ಇಬ್ಬರು ಮಲ್ಪೆ ಪರಿಸರದವರು, ಐವರು ಉತ್ತರ ಕನ್ನಡದವರು. ಮರುವರ್ಷದ ಜನವರಿಯಲ್ಲಿ ಕರಾವಳಿಯ ಮೀನುಗಾರರು ಕೆಲಸ ನಿಲ್ಲಿಸಿ ಸಾವಿರಾರು ಸಂಖ್ಯೆಯಲ್ಲಿ ಉಡುಪಿಯ ಹೆದ್ದಾರಿಗಿಳಿದರು. ನೌಕಾಪಡೆ ಮಹಾರಾಷ್ಟ್ರದ ಮಾಲ್ವಣದ ಆಚೆ ಅದರ ಅವಶೇಷವನ್ನು ಪತ್ತೆಹಚ್ಚಿದ್ದು 2019ರ ಮೇ ತಿಂಗಳಿನಲ್ಲಿ. ಹೋದವರು ಬರಲಿಲ್ಲ. ಆ ದಿನಗಳಲ್ಲಿ ಮಲ್ಪೆಯ ಭಜನಾಮಂದಿರಗಳಲ್ಲಿ ಬೇರೆ ಊರಿನ ಆ ಐವರ ಹೆಸರನ್ನೂ ಹಿಡಿದೇ ಪ್ರಾರ್ಥನೆ ನಡೆಯುತ್ತಿತ್ತೆಂದು ಮಿತ್ರರು ಹೇಳಿದರು.

ಮಿತ್ರರ ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಅವರ ಸೋದರಮಾವ. ತುಳುವಿನಲ್ಲಿ ಸೋದರಮಾವನಿಗೆ ‘ತಮ್ಮಲೆ’ ಎನ್ನುತ್ತಾರೆ. ಅಳಿಯಸಂತಾನದ ಕಟ್ಟಳೆ ನಡೆಯುತ್ತಿದ್ದ ಕಾಲದಲ್ಲಿ ಮನೆಯ ಯಜಮಾನಿಕೆ ತಮ್ಮಲೆಯದೇ. ಆಸ್ತಿ ಸಲ್ಲುತ್ತಿದ್ದುದು ಅಕ್ಕತಂಗಿಯರ ಮಕ್ಕಳಿಗೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಆ ಕಟ್ಟಳೆ ಸಡಿಲವಾಯಿತು. ಆದರೆ ‘ಬಳಿ’ ಮಾತ್ರ ಇಂದಿಗೂ ತಾಯಿಯಿಂದಲೇ ಬರುತ್ತದೆ; ಮದುವೆಯ ಮಾತು ಬಂದಾಗ ಮೊದಲು ಕೇಳುವುದು ಅದನ್ನೇ. ಎಂಬತ್ತು ದಾಟಿದ ಈ ತಮ್ಮಲೆಯವರು ಮೂಳೆ-ನರಗಳ ಆಳು. ಅಂಗೈ ಮಾತ್ರ ಇನ್ನೂ ಹಲಗೆಯಂತಿದೆ. ಕಿವಿ ಮಂದ; ಆದ್ದರಿಂದ ದನಿ ದೊಡ್ಡದು. ನಮ್ಮನ್ನು ನೋಡಿದವರೇ, ‘ಅಂಬಿಗರ ಚೌಡಯ್ಯನ ಊರಿನ ಕಡೆಯವರೋ?’ ಎಂದು ಕೇಳಿದರು. ಅಳಿಯ ರಾಣೇಬೆನ್ನೂರಿನಲ್ಲಿದ್ದಾಗ ಅವರನ್ನು ಚೌಡದಾನಪುರಕ್ಕೆ ಕರೆದೊಯ್ದು ತುಂಗಭದ್ರೆಯ ದಡವನ್ನು ತೋರಿಸಿದ್ದರಂತೆ. ‘ದೋಣಿಯವನು ನಿಷ್ಠುರವಾಗಿ ಮಾತಾಡಿದನೆಂದು ನಿಮ್ಮವರು ಹೇಳಿದರು. ದೋಣಿಯವರೆಲ್ಲ ಹಾಗೆಯೇ ಮಾರಾಯ್ರೆ, ಗಾಳಿಯ ಎದುರು ಮೆಲ್ಲಗೆ ಮಾತಾಡಿದರೆ ಯಾರಿಗೆ ಕೇಳುತ್ತದೆ?’ ಎಂದು ಗಟ್ಟಿಯಾಗಿ ನಕ್ಕರು.

ಆ ಸಂಜೆ ಅವರ ಬಾಯಿಂದ ರಂಪಣಿಯ ಕಥೆ ಕೇಳಿದೆವು.

ರಂಪಣಿ ಎಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ಗೋವೆಯಲ್ಲೂ ಇದೇ ಹೆಸರಿನ ಬಲೆ ಇತ್ತು. ಉದ್ದ ಒಂದೆರಡು ಕಿಲೋಮೀಟರಿಗೂ ಮಿಕ್ಕುವುದುಂಟು. ಇಷ್ಟು ದೊಡ್ಡ ಬಲೆಯನ್ನು ಒಬ್ಬ ಸಾಹುಕಾರ ಹೊಂದುವುದು ಕಷ್ಟ, ಹೊಂದಿದರೂ ಒಬ್ಬನೇ ಎಳೆಯುವುದು ಅಸಾಧ್ಯ. ಆದ್ದರಿಂದ ಅದು ತುಂಡು ತುಂಡಾಗಿ ಮನೆಮನೆಗಳಲ್ಲಿ ಹುಟ್ಟುತ್ತಿತ್ತು. ಮಳೆಗಾಲದಲ್ಲಿ ಕಡಲು ಕೆರಳಿ ದೋಣಿಗಳು ದಡ ಸೇರಿದಾಗ, ಜಗಲಿಯ ಮೇಲೆ ಕುಳಿತು ಹೆಂಗಸರು, ಮುದುಕರು, ಮಕ್ಕಳು ದಾರ ಹೊಸೆದು ತಮ್ಮ ಮನೆಯ ತುಂಡನ್ನು ಹೆಣೆಯುತ್ತಿದ್ದರು. ಮಳೆ ಕಳೆದ ಮೇಲೆ ಹತ್ತಾರು ಮನೆಗಳ ತುಂಡುಗಳು ಒಂದಕ್ಕೊಂದು ಹೊಲಿಗೆ ಬಿದ್ದು ಒಂದು ಬಲೆಯಾಗುತ್ತಿತ್ತು.

‘ನಮ್ಮ ಮನೆಯ ತುಂಡು ಎಲ್ಲಿ ಉಂಟು ಎಂದು ಕತ್ತಲೆಯಲ್ಲಿ ಮುಟ್ಟಿಯೇ ಹೇಳುತ್ತಿದ್ದೆ ನಾನು. ನಮ್ಮ ಅಮ್ಮನ ಗಂಟು ಬೇರೆ, ನೆರೆಮನೆಯವರ ಗಂಟು ಬೇರೆ’ ಎಂದರು ತಮ್ಮಲೆ.

ನೀರಿನ ಬಣ್ಣ ಕಪ್ಪಾದದ್ದನ್ನೂ ಹಕ್ಕಿಗಳ ಎರಗಾಟವನ್ನೂ ಕಂಡು, ಬಂಗುಡೆಯ ಹಿಂಡೋ ಬೂತಾಯಿಯ ಹಿಂಡೋ ಬಂತೆಂದು ತಿಳಿದವರು ಕೂಗು ಹಾಕುವರು. ದೊಡ್ಡ ದೋಣಿ ಬಲೆಯನ್ನು ಬಿಡುತ್ತ ಹಿಂಡನ್ನು ಬಳಸಿ ಅರ್ಧಚಂದ್ರದಂತೆ ಸುತ್ತಿ ಬರುವುದು. ಎರಡು ತುದಿಯ ಹಗ್ಗ ದಡಕ್ಕೆ. ಅರವತ್ತು, ಎಂಬತ್ತು, ಕೆಲವೊಮ್ಮೆ ನೂರು ಜನರ ಎಳೆತ. ಮೀನು ಹೆಚ್ಚಾದರೆ ಬಲೆಯನ್ನು ಪೂರ್ತಿ ಎಳೆಯದೆ, ಕಡಲಿನಲ್ಲೇ ದೊಡ್ಡಿಯಂತೆ ನಿಲ್ಲಿಸಿ, ಮಾರಾಟಕ್ಕೆ ಬೇಕಾದಷ್ಟನ್ನು ದಿನದಿನ ತೆಗೆಯುತ್ತಿದ್ದರಂತೆ. ತಿಂದು, ಮಾರಿ, ಉಪ್ಪು ಹಾಕಿ ಒಣಗಿಸಿ ಮಿಕ್ಕಿದ್ದು ಎಣ್ಣೆಗೆ, ತೆಂಗಿನ ಬುಡದ ಗೊಬ್ಬರಕ್ಕೆ. ಇನ್ನು ಹಂಚಿಕೆ. ದೋಣಿಗೆ ಪಾಲು, ಬಲೆಯ ತುಂಡಿಗೆ ಪಾಲು, ಎಳೆದ ಕೈಗೆ ಪಾಲು, ದೇವರಿಗೆ ಪಾಲು. ಗಂಡು ದಿಕ್ಕಿಲ್ಲದ ಮನೆಗೂ ಅದರ ತುಂಡಿನ ಪಾಲು ತಪ್ಪುತ್ತಿರಲಿಲ್ಲ. ಲೆಕ್ಕ ನಡೆಯುತ್ತಿದ್ದುದು ಮರಳಿನ ಮೇಲೆ, ಎಲ್ಲರ ಕಣ್ಣೆದುರು.

‘ಆಮೇಲೆ ಅದು ಬಂತು’ ಎಂದು ಅವರು ಕೈಯಲ್ಲಿ ಚೀಲದ ಬಾಯಿ ಬಿಗಿಯುವ ಸನ್ನೆ ಮಾಡಿದರು. ಪರ್ಸೀನ್ ಬಲೆ. ಕರಾವಳಿಯಲ್ಲಿ ಯಂತ್ರದ ದೋಣಿಗಳು 1950ರ ದಶಕದ ಕೊನೆಯಲ್ಲೇ ಕಾಣಿಸಿಕೊಂಡಿದ್ದವು. ಸಿಗಡಿಯ ಬೆಲೆ ಏರಿದಂತೆ ಟ್ರಾಲ್ ಬೋಟುಗಳು ಹೆಚ್ಚಿದ್ದವು. ನೂಲಿನ ಬಲೆ ಹೋಗಿ ನೈಲಾನು ಬಂದಿತ್ತು. ರಂಪಣಿ ಇದನ್ನೆಲ್ಲ ತಾಳಿಕೊಂಡಿತು. 1970ರ ದಶಕದ ನಡುವಿನಲ್ಲಿ ಬಂದ ಪರ್ಸೀನನ್ನು ಮಾತ್ರ ತಾಳಲಾಗಲಿಲ್ಲ. ಹಿಂಡು ದಡಕ್ಕೆ ಬರುವವರೆಗೆ ಕಾಯುವುದು ರಂಪಣಿಯ ರೀತಿ. ಹಿಂಡು ಇರುವಲ್ಲಿಗೇ ಹೋಗಿ ಸುತ್ತುಗಟ್ಟಿ ಅಡಿಯನ್ನು ಬಿಗಿಯುವುದು ಪರ್ಸೀನಿನ ರೀತಿ. ಇಪ್ಪತ್ತು-ಮೂವತ್ತು ಜನ ಸಾಕು. ಕೆಲವೇ ವರ್ಷಗಳಲ್ಲಿ ದಡದ ಬಲೆಗಳು ಬರಿದಾಗಿ ಬರತೊಡಗಿದವು. ಜಗಳ, ಪ್ರತಿಭಟನೆ ಎಲ್ಲ ನಡೆದವು. ಗೋವೆಯ ರಾಂಪಣಕಾರರು ದೊಡ್ಡ ಚಳವಳಿಯನ್ನೇ ಹೂಡಿದರು. ನಮ್ಮ ರಾಜ್ಯದಲ್ಲಿ ಕಡಲ ಮೀನುಗಾರಿಕೆಯನ್ನು ನಿಯಂತ್ರಿಸುವ ಕಾಯಿದೆ ಬಂದದ್ದು 1986ರಲ್ಲಿ. ಅಷ್ಟರಲ್ಲಿ ರಂಪಣಿಯ ಕಾಲ ಮುಗಿದಿತ್ತು.

ಹಾಗೆಂದು ತಮ್ಮಲೆಯವರು ಹೊಸದನ್ನು ಶಪಿಸಲಿಲ್ಲ. ‘ನಾವೂ ಸುಮ್ಮನೆ ಕೂತವರಲ್ಲ’ ಎಂದರು. ರಂಪಣಿಯ ಕೂಟದವರೇ ಹಲವರು ಸೇರಿ ಪಾಲು ಹಾಕಿ ಪರ್ಸೀನ್ ದೋಣಿ ಕಟ್ಟಿಸಿದರು; ಅವರೂ ಅದರಲ್ಲಿ ಹತ್ತು ವರ್ಷ ದುಡಿದರು. ಹೆಂಚಿನ ಮನೆ ತಾರಸಿಯಾದದ್ದು, ತಂಗಿಯ ಮಕ್ಕಳು ಕಾಲೇಜು ಕಂಡದ್ದು ಆ ಹಣದಿಂದ. ‘ಹಣ ಬಂತು. ಆದರೆ ಪರ್ಸೀನಿನಲ್ಲಿ ಮುದುಕಿಯ ತುಂಡಿಗೆ ಜಾಗ ಇಲ್ಲ. ಅಷ್ಟೇ ನಾನು ಹೇಳುವುದು’ ಎಂದರು. ಬೆಳಕು ಚೆಲ್ಲಿ ಮೀನನ್ನು ಸೆಳೆದು ಹಿಡಿಯುವ ರೀತಿಯನ್ನು 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ನಿಷೇಧಿಸಿದ ಮೇಲೆ, ಹಿಂದೆ ರಂಪಣಿಯವರ ದೂರನ್ನು ಕೇಳಿಸಿಕೊಳ್ಳದವರೇ ತಾವು ದೂರು ಹೇಳುವ ಸರದಿ ಬಂದದ್ದನ್ನು ಕಂಡರಂತೆ. ನಿಷೇಧವಿದ್ದರೂ ದೀಪ ಉರಿಸುವವರು ಉರಿಸುತ್ತಾರೆ, ಸಣ್ಣ ದೋಣಿಯವರಿಗೆ ಮೀನು ಉಳಿಯುವುದಿಲ್ಲ ಎಂಬುದು ಆ ದೂರು. ಎಳೆಯ ಮೀನುಗಳು ಕೂಡ ರಾಶಿಯಾಗಿ ಮೀನುಹಿಟ್ಟಿನ ಕಾರ್ಖಾನೆ ಸೇರುತ್ತಿರುವುದನ್ನು ಧಕ್ಕೆಯಲ್ಲಿ ನಾವೇ ಕಂಡಿದ್ದೆವು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದೋಣಿಗಳಿಗೆ ಈಗ ಕಾನೂನಿನ ರಜೆ. ಹಿಂದೆ ಆ ರಜೆಯನ್ನು ಕಡಲೇ ಕೊಡುತ್ತಿತ್ತು. ನೂಲಹುಣ್ಣಿಮೆಯಂದು ವಡಭಾಂಡೇಶ್ವರದಲ್ಲಿ ಪೂಜೆ ಸಲ್ಲಿಸಿ ಕಡಲಿಗೆ ಹಾಲು, ಹೂವು, ತೆಂಗಿನಕಾಯಿ ಅರ್ಪಿಸುವ ಸಮುದ್ರಪೂಜೆ ಮಾತ್ರ ಹಿಂದಿನಂತೆಯೇ ನಡೆದುಬಂದಿದೆ.

ಮಿತ್ರರ ತಾಯಿಯವರು ಈಗಿಲ್ಲ. ಹಜಾರದಲ್ಲಿ ಅವರ ಭಾವಚಿತ್ರವಿದೆ. ತಲೆಯ ಮೇಲೆ ಸಿಂಬಿ ಇಟ್ಟ ಗುರುತು ಕೂದಲಿನಲ್ಲಿ ಕಾಣುತ್ತದೆ. ಮೀನು ಹಿಡಿಯುವುದು ಗಂಡಸರ ಕೆಲಸವಾದರೆ ಮಾರುವುದು ಹೆಂಗಸರದು. ಈ ತಾಯಿ ನಸುಕಿನಲ್ಲಿ ಬುಟ್ಟಿ ಹೊತ್ತು ಉಡುಪಿಯವರೆಗೆ ನಡೆದು, ಮನೆಮನೆಗೆ ಮಾರಿ, ಬಂದ ಹಣದಲ್ಲಿ ದಿನವೂ ಒಂದಿಷ್ಟನ್ನು ಪಿಗ್ಮಿಗೆ ಕಟ್ಟುತ್ತಿದ್ದರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಯೋಜನೆ ಅದು. ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಸಂಗ್ರಹಿಸುತ್ತಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಲೀನವಾಯಿತು. ‘ನನ್ನ ಬಿ.ಕಾಂ. ಅಮ್ಮನ ನೆತ್ತಿಯ ಮೇಲೆ ನಡೆದುಕೊಂಡು ಬಂದದ್ದು’ ಎಂದರು ಮಿತ್ರರು. ದುಡಿಯಲು ಹೊರಗೆ ಹೋದವರೂ ಊರನ್ನು ಬಿಟ್ಟುಕೊಡಲಿಲ್ಲ. ಮುಂಬಯಿಗೆ ಹೋದವರು 1902ರಲ್ಲೇ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿದರು, ಅಲ್ಲಿ ವಿದ್ಯಾಸಂಸ್ಥೆಗಳನ್ನು ನಡೆಸಿದರು, ‘ಮೊಗವೀರ’ ಎಂಬ ಹೆಸರಿನ ಕನ್ನಡ ಮಾಸಪತ್ರಿಕೆಯನ್ನೂ ಹೊರಡಿಸಿದರು. ಒಂದು ಸಮಾಜದ ಮಾಸಪತ್ರಿಕೆಗೆ ಬರೆಯುತ್ತಿರುವ ನಮಗೆ ಈ ಕೊನೆಯ ಸಂಗತಿ ವಿಶೇಷವಾಗಿ ಪ್ರಿಯವಾಯಿತು.

ಎರಡನೆಯ ದಿನ ಉಚ್ಚಿಲಕ್ಕೆ ಹೋಗಿ ಬಂದೆವು. 1957ರಲ್ಲಿ ಸಮಾಜದವರು ಸ್ಥಾಪಿಸಿದ ಮಹಾಲಕ್ಷ್ಮಿಯ ದೇವಸ್ಥಾನ ಈಗ ಹೊಸದಾಗಿ ಎದ್ದು ನಿಂತಿದೆ. 2022ರಿಂದ ಅಲ್ಲಿ ದಸರಾ ಉತ್ಸವ. ದೀಪಾಲಂಕಾರ, ಜನಜಂಗುಳಿ, ಅನ್ನದಾನದ ಉದ್ದನೆಯ ಪಂಕ್ತಿಗಳು. ವೈಭವವನ್ನು ಪತ್ರಿಕೆಗಳು ಸಾಕಷ್ಟು ವರ್ಣಿಸಿವೆ, ನಾವು ಮುಂದೆ ಹೋಗುತ್ತೇವೆ.

ಮೂರನೆಯ ದಿನ ಬೆಳಿಗ್ಗೆ ತಮ್ಮಲೆಯವರು ಮೊಣಕಾಲ ಮೇಲಿನ ಪಂಚೆ ಉಟ್ಟು ಹೊರಟು ನಿಂತಿದ್ದರು. ರಂಪಣಿ ಹೋದರೂ ಅದರ ಮರಿಯಂಥದೊಂದು ಉಳಿದಿದೆ: ಕೈರಂಪಣಿ. ಸಣ್ಣ ಬಲೆ, ಸಣ್ಣ ದೋಣಿ, ಎಳೆಯಲು ಮೂವತ್ತು-ನಲವತ್ತು ಜನ. ಕೂಡಿ ನಡೆಸುವ ಈ ಕೂಟವನ್ನು ಅಲ್ಲಿ ‘ಫಂಡು’ ಎನ್ನುತ್ತಾರೆ. ಮಳೆಗಾಲ ಇಳಿದ ಮೇಲೆ ಮೀನು ದಡಕ್ಕೆ ಬಂದರೆ ಎಳೆತ, ಬಾರದಿದ್ದರೆ ಕಾಯುವುದು. ತಮ್ಮಲೆಯವರ ಮನೆಗೂ ಫಂಡಿನಲ್ಲಿ ಒಂದು ಪಾಲು ಇದೆ. ಮನೆಯಿಂದ ಒಂದು ಕೈ ಬರಬೇಕೆಂಬುದು ಆ ಕೂಟದ ಕಟ್ಟಳೆ.

ನೋಡಲೆಂದು ಹೋದವರು ನಾವು. ದೋಣಿ ಬಲೆ ಬಿಟ್ಟು ಸುತ್ತಿ ಬಂತು. ಎರಡು ಹಗ್ಗಗಳಿಗೆ ಎರಡು ಸಾಲು. ಹಿಮ್ಮಡಿಯನ್ನು ಮರಳಿಗೆ ಊರಿ, ಹಿಂದುಹಿಂದಕ್ಕೆ ಹೆಜ್ಜೆ ಇಡುತ್ತ, ಒಬ್ಬರು ಕೊಟ್ಟ ಕೂಗಿಗೆ ಉಳಿದವರು ದನಿಗೂಡಿಸುತ್ತ ಎಳೆಯತೊಡಗಿದರು. ಸಾಲಿನಲ್ಲಿ ಐವತ್ತಕ್ಕಿಂತ ಕಿರಿಯರು ಬೆರಳೆಣಿಕೆಯಷ್ಟೇ. ನಮ್ಮ ಮಗಳು ಚಪ್ಪಲಿ ಕಳಚಿ ಹಗ್ಗ ಹಿಡಿದೇಬಿಟ್ಟಳು. ಸುಮ್ಮನೆ ನಿಲ್ಲಲು ನಾಚಿಕೆಯಾಗಿ ನಾವೂ ಹಿಡಿದೆವು. ಶ್ರೀಮತಿಯವರೂ ಸೆರಗು ಸಿಕ್ಕಿಸಿದರು. ನೀರು ತುಂಬಿದ ಬಲೆಯ ಭಾರ ಎಂಥದೆಂದು ಓದಿ ತಿಳಿಯುವಂತಿಲ್ಲ. ಅದು ಎಳೆಯುವವರನ್ನೇ ಎಳೆಯುತ್ತದೆ. ಒಂದು ಗಂಟೆಗೂ ಮಿಕ್ಕಿ ಎಳೆದ ಮೇಲೆ ಎರಡು ಸಾಲುಗಳು ಹತ್ತಿರವಾದವು, ಬಲೆಯ ಹೊಟ್ಟೆ ಮರಳಿಗೆ ಬಂತು. ಮೂರು-ನಾಲ್ಕು ಬುಟ್ಟಿ ಬಂಗುಡೆ, ಒಂದಿಷ್ಟು ಸಣ್ಣಪುಟ್ಟ ಮೀನು, ಬಹಳಷ್ಟು ಲೋಳೆಮೀನು. ‘ಇವತ್ತಿಗೆ ಇಷ್ಟೇ’ ಎಂದರು ಯಾರೋ. ಯಾರ ಮುಖದಲ್ಲೂ ಅಚ್ಚರಿ ಇರಲಿಲ್ಲ.

ಮರಳಿನ ಮೇಲೆ ಗುಪ್ಪೆಗಳು ಬಿದ್ದವು. ತಮ್ಮಲೆಯವರು ಒಂದು ಚೀಲದಲ್ಲಿ ಏಳೆಂಟು ಬಂಗುಡೆ ಹಾಕಿ ನಮ್ಮ ಮಗಳ ಕೈಗೆ ಕೊಟ್ಟರು. ನಾವು ಗಾಬರಿಯಾದೆವು. ‘ನಮಗೆ ಬೇಡಿ, ನಾವು ತಿನ್ನುವವರಲ್ಲ ಎಂಬುದು ನಿಮಗೆ ತಿಳಿದೇ ಇದೆಯಲ್ಲ’ ಎಂದೆವು. ಹಿರಿಯರ ದನಿ ಎತ್ತರಿಸಿತು. ‘ತಿನ್ನುವ ಮಾತು ಯಾರು ಆಡಿದ್ದು? ಎಳೆದವರಿಗೆ ಪಾಲು ಕೊಡದೆ ಬಲೆ ಮಡಚುವ ಹಾಗಿಲ್ಲ. ತಿನ್ನಿ, ಮಾರಿ, ಕಾಗೆಗೆ ಹಾಕಿ. ಪಾಲು ನಿಮ್ಮದು.’ ಬುಟ್ಟಿಯೊಡನೆ ಕಾದಿದ್ದ ಒಬ್ಬ ತಾಯಿ ನಮ್ಮ ಪೇಚನ್ನು ನೋಡಿ ನಗುತ್ತ, ‘ನನಗೆ ಕೊಡಿ ಅಮ್ಮ’ ಎಂದು ಚೀಲವನ್ನು ತೆಗೆದುಕೊಂಡು ನೂರ ಇಪ್ಪತ್ತು ರೂಪಾಯಿ ಎಣಿಸಿದರು. ಅದರಲ್ಲಿ ಒಂದು ರೂಪಾಯಿಯನ್ನೂ ಹಿರಿಯರು ಮರಳಿ ಪಡೆಯಲಿಲ್ಲ. ಆ ಹಣವನ್ನು ಸಂಜೆ ಭಜನಾಮಂದಿರದ ಡಬ್ಬಿಗೆ ಹಾಕಿದೆವು. ಮೀನಿನ ಹಣವೆಂಬ ಅಳುಕು ನಮ್ಮೊಳಗೆ ಎಲ್ಲೋ ಮೂಲೆಯಲ್ಲಿ ಇತ್ತೆಂದೂ, ಒದ್ದೆಯಾದ ಆ ನೋಟುಗಳನ್ನು ಹಿಡಿದಾಗ ಆ ಅಳುಕಿಗೇ ನಾಚಿಕೆಯಾಯಿತೆಂದೂ ಇಲ್ಲಿ ಒಪ್ಪಿಕೊಳ್ಳಬೇಕು. ಕೈ ಮಾತ್ರ ಉರಿಯುತ್ತಿತ್ತು. ಮಗಳ ಅಂಗೈಯಲ್ಲಿ ಎರಡು ಬೊಬ್ಬೆ ಎದ್ದಿದ್ದವು.

ಅದೇ ಸಂಜೆ ಭಜನೆ ಮುಗಿದ ಮೇಲೆ ಫಂಡಿನವರು ಅಲ್ಲೇ ಕುಳಿತರು. ನಾವು ಎದ್ದು ಹೊರಡಬೇಕೆಂದಿದ್ದೆವು. ‘ಕೂತುಕೊಳ್ಳಿ, ಗುಟ್ಟೇನೂ ಇಲ್ಲ’ ಎಂದರು. ಮಾತು ತುಳುವಿನಲ್ಲಿ ನಡೆಯಿತು, ಮಿತ್ರರು ನಮಗೆ ಕಿವಿಯಲ್ಲಿ ತಿಳಿಸುತ್ತಿದ್ದರು. ವಿಷಯ ತಮ್ಮಲೆಯವರ ಮನೆಯದೇ ಆಗಿತ್ತು. ಮನೆಯಿಂದ ಬರುವ ಕೈ ಎಂದರೆ ಅವರೊಬ್ಬರೇ. ವಯಸ್ಸು ಎಂಬತ್ತು ಮೀರಿದೆ. ಕಳೆದ ಸಲ ಹಗ್ಗದ ಜೊತೆಗೆ ಬಿದ್ದಿದ್ದರು. ಮಿತ್ರರಿಗೆ ಬೆನ್ನುನೋವು, ಅವರ ಮಗ ಕೊಲ್ಲಿ ದೇಶದಲ್ಲಿ, ಅಕ್ಕನ ಮಗನಿಗೆ ಬೋಟಿನ ಚಿಂತೆ. ಕೈ ಇಲ್ಲದ ಮನೆಯ ಪಾಲನ್ನು ಫಂಡು ಬೆಲೆ ಕೊಟ್ಟು ತೆಗೆದುಕೊಳ್ಳಲಿ ಎಂದು ಕೆಲವರ ಸೂಚನೆ. ಇನ್ನೂ ಮೂರು ಮನೆಗಳದು ಇದೇ ಸ್ಥಿತಿ ಎಂದು ಯಾರೋ ಮೆಲ್ಲಗೆ ಹೇಳಿದರು.

ತಮ್ಮಲೆಯವರ ಬಳಿ ಬೇರೊಂದು ಸೂಚನೆ ಇತ್ತು. ಅಕ್ಕನ ಮಗನ ಬೋಟಿನಲ್ಲಿ ಒಡಿಶಾದ ಒಬ್ಬ ಹುಡುಗ ದುಡಿಯುತ್ತಿದ್ದ. ಹಗ್ಗದ ರಾಟೆಗೆ ಸಿಕ್ಕಿ ಎರಡು ಬೆರಳು ಜಜ್ಜಿದ ಮೇಲೆ ಆಳಸಮುದ್ರಕ್ಕೆ ಹೋಗುವುದನ್ನು ಬಿಟ್ಟು, ಇವರ ಮನೆಯ ಹಿಂದಿನ ಕೋಣೆಯಲ್ಲೇ ಇದ್ದಾನೆ. ಬೆಳಿಗ್ಗೆ ನಮ್ಮ ಮುಂದಿನ ಹಗ್ಗ ಹಿಡಿದಿದ್ದವನು ಅವನೇ. ನಮ್ಮ ಮನೆಯ ಕೈ ಇನ್ನು ಅವನೇ ಎಂದರು ಹಿರಿಯರು.

ಮಂದಿರದಲ್ಲಿ ಗದ್ದಲವೆದ್ದಿತು. ಸಂಬಳದ ಆಳನ್ನು ಕಳಿಸುವುದಾದರೆ ಕಳಿಸಿ, ದಿನಗೂಲಿ ಕೊಡೋಣ. ಪಾಲಿನ ಪಟ್ಟಿಯಲ್ಲಿ ಹೆಸರು ಹೇಗೆ ಬರೆಯುವುದು? ನಾಳೆ ನಾಲ್ಕು ಮನೆಯವರೂ ಹೀಗೆಯೇ ಮಾಡಿದರೆ ಫಂಡು ಯಾರದಾಯಿತು? ಕೇಳಿದವರ ಮಾತಿನಲ್ಲಿ ಕೇಡು ಇರಲಿಲ್ಲ. ಊರೂರಲ್ಲಿ ಮಣ್ಣಿಗೂ ನೀರಿಗೂ ಜನ ಇದೇ ಪ್ರಶ್ನೆ ಕೇಳುತ್ತಿದ್ದಾರೆ. ನಮ್ಮಲ್ಲೂ ಹೊಲ ನಮ್ಮದು, ಕಳೆ ತೆಗೆಯುವವರು ಯಾರೋ ಆಗಿಲ್ಲವೆ? ತಮ್ಮಲೆಯವರು ಎದ್ದು ನಿಂತರು. ಅವರು ಹೇಳಿದ್ದು ಹೆಚ್ಚೇನೂ ಇಲ್ಲ. ಬಲೆಯ ತುಂಡಿನ ಪಾಲು ತನ್ನ ಮನೆಯದು, ಅದು ತಂಗಿಯ ಮೊಮ್ಮಗಳ ಹೆಸರಿಗೆ ಹೋಗಲಿ. ಎಳೆದ ಕೈಯ ಪಾಲು ಎಳೆದವನದು. ಅವನಿಗೆ ಕೂಲಿ ಎಂದರೆ ನಮ್ಮ ಫಂಡಿಗೂ ಧಕ್ಕೆಯ ಬೋಟಿಗೂ ಏನು ವ್ಯತ್ಯಾಸ? ಇಷ್ಟು ಹೇಳಿ ಕುಳಿತು, ‘ಬೆಳಿಗ್ಗೆ ಈ ಘಟ್ಟದ ಮೇಲಿನವರಿಗೇ ಪಾಲು ಕೊಟ್ಟಿದ್ದೇವೆ’ ಎಂದು ನಮ್ಮತ್ತ ಬೆರಳು ಮಾಡಿದರು. ಎಲ್ಲರೂ ನಕ್ಕರು. ಆ ಹುಡುಗ ಬಾಗಿಲ ಬಳಿ ಮೊಣಕಾಲು ತಬ್ಬಿ ಕುಳಿತು, ತನಗೆ ಪೂರ್ತಿ ತಿಳಿಯದ ಭಾಷೆಯಲ್ಲಿ ತನ್ನ ವಿಷಯವನ್ನೇ ಕೇಳುತ್ತಿದ್ದ. ರಾತ್ರಿ ಹತ್ತರವರೆಗೆ ಮಾತು ಎಳೆಯಿತು. ಕೊನೆಗೆ ದೀಪಾವಳಿಯವರೆಗೆ ಹಾಗೆಯೇ ನಡೆಸಿ ನೋಡುವುದು, ಆಮೇಲೆ ಮತ್ತೆ ಕೂರುವುದು ಎಂದಾಯಿತು. ಪಟ್ಟಿಯಲ್ಲಿ ಹುಡುಗನ ಹೆಸರು ಬರೆಯಲಿಲ್ಲ. ಮನೆಯ ಹೆಸರಿನ ಮುಂದೆ ‘ಒಂದು ಕೈ’ ಎಂದು ಬರೆದರು.

ನಾಲ್ಕನೆಯ ದಿನ ಹೊರಡುವಾಗ ಮಿತ್ರರ ಮಡದಿ ಪತ್ರೊಡೆ ಕಟ್ಟಿಕೊಟ್ಟರು. ಹೊಸ ಪಾತ್ರೆಗಳನ್ನು ತೊಳೆದು, ಒರೆಸಿ, ಕಾಗದ ಸುತ್ತಿ ಅಟ್ಟದ ಮೇಲಿಡುತ್ತಿದ್ದರು. ‘ಮುಂದಿನ ಸಲಕ್ಕೆ’ ಎಂದರು. ತಮ್ಮಲೆಯವರು ಮನೆಯಲ್ಲಿರಲಿಲ್ಲ, ಮೀನು ಬಂದ ಸುಳಿವಿದೆಯೆಂದು ನಸುಕಿನಲ್ಲೇ ಮರಳಿಗೆ ಹೋಗಿದ್ದರು. ಸೇತುವೆಯ ಮೇಲಿನಿಂದ ದೂರದಲ್ಲಿ ಎರಡು ಸಾಲು ಜನ ಹಿಂದಕ್ಕೆ ಹೆಜ್ಜೆ ಇಡುತ್ತಿರುವುದು ಕಂಡಿತು. ಅವರಲ್ಲಿ ಅವರು ಯಾರೆಂದು ಗುರುತು ಹತ್ತಲಿಲ್ಲ.

ದೀಪಾವಳಿಯ ಪಾಡ್ಯದಂದು ದೂರವಾಣಿ ಮಾಡಿ ವಿಚಾರಿಸಿದೆವು. ಫಂಡಿನವರು ಮತ್ತೆ ಕುಳಿತದ್ದಕ್ಕೆ ಯಾರೂ ಆ ಮಾತು ಎತ್ತಲಿಲ್ಲವಂತೆ, ಹಾಗಾಗಿ ನಡೆದದ್ದೇ ನಡೆಯುತ್ತಿದೆ. ತಮ್ಮಲೆಯವರಿಗೆ ಮಂಡಿ ಊದಿಕೊಂಡು ಮೂರು ವಾರದಿಂದ ಜಗಲಿ ಬಿಟ್ಟು ಇಳಿದಿಲ್ಲ. ಸಂಜೆಯಾದರೆ ಆ ಹುಡುಗ ಎರಡು ಚೀಲ ತಂದು ಅವರ ಮುಂದೆ ಇಡುತ್ತಾನೆ, ಒಂದು ತುಂಡಿನ ಪಾಲು, ಒಂದು ಕೈಯ ಪಾಲು. ಅವರು ಎರಡನ್ನೂ ಬಿಚ್ಚಿ ಎಣಿಸಿ ನೋಡಿ, ಅವನದನ್ನು ಅವನಿಗೆ ಕೊಡುತ್ತಾರೆ.